ಉಗುರಿನ ಬಣ್ಣ ಬದಲಾಗಿದೆಯಾ? ನೇಲ್ ಪಾಲಿಶ್ ಹಚ್ಚಿ ಮುಚ್ಚಬೇಡಿ, ಕಾರಣ ತಿಳಿಯಿರಿ

ಕೊಗನೊಳ್ಳಿ: ನಿಪ್ಪಾಣಿ ಭಾಗದಲ್ಲಿ ಉಗುರು ಹಳದಿ ಆದ್ರೆ ‘ತಂಬಾಕಿನ ಕಲೆ, ಹೋಗ್ತದ ಬಿಡು’ ಅನ್ನೋರೇ ಹೆಚ್ಚು. ಬೀಡಿ ಸೇದುವವರ ಬೆರಳಿಗೆ ಹೊಗೆಯ ಕಲೆ ಹತ್ತುವುದು ನಿಜ. ಆದರೆ ಎಲ್ಲ ಹಳದಿಯೂ ಕಲೆ ಅಲ್ಲ.

ಕಲೆ ಯಾವುದು, ರೋಗ ಯಾವುದು?
ಬೀಡಿ, ಅರಿಶಿನ, ಮೆಹಂದಿ ಕಲೆ ಉಗುರಿನ ಮೇಲಷ್ಟೇ ಇರುತ್ತದೆ. ಕೈ ಉಗುರು ತಿಂಗಳಿಗೆ ಸುಮಾರು 3 ಮಿ.ಮೀ. ಬೆಳೆಯುತ್ತದೆ. ಕಲೆ ಹತ್ತುವುದು ನಿಂತರೆ ಬುಡದಿಂದ ಶುಭ್ರ ಉಗುರು ಬಂದು, ಆರು ತಿಂಗಳಲ್ಲಿ ಪೂರ್ತಿ ಹೊಸದಾಗುತ್ತದೆ. ಬಣ್ಣದ ಜೊತೆ ಉಗುರು ದಪ್ಪಾಗಿ, ಪುಡಿಪುಡಿ ಉದುರಿದರೆ ಅದು ಹೆಚ್ಚಾಗಿ ಫಂಗಸ್. ಗದ್ದೆಯ ಕೆಸರು, ಹೋಟೆಲಿನ ಪಾತ್ರೆ ಅಂತ ಸದಾ ನೀರಲ್ಲಿ ಕೈಕಾಲು ಇರುವವರಿಗೆ, ಸಕ್ಕರೆ ಕಾಯಿಲೆ ಇದ್ದವರಿಗೆ ಇದು ಬೇಗ ತಗಲುತ್ತದೆ.

ಯಾವ ಬಣ್ಣ ಏನು ಹೇಳುತ್ತದೆ?
* ಬಿಳಚಿದ ಉಗುರು: ರಕ್ತಹೀನತೆ ಇರಬಹುದು. ಕಬ್ಬಿಣಾಂಶ ಬಹಳ ಕಡಿಮೆಯಾದರೆ ಉಗುರು ಚಮಚದಂತೆ ಒಳಗೆ ಕುಸಿಯುತ್ತದೆ. 2019–20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ರಾಜ್ಯದ 15ರಿಂದ 49 ವರ್ಷದ ಮಹಿಳೆಯರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ.
* ಪೂರ್ತಿ ಬೆಳ್ಳಗಾಗಿ ತುದಿಯಲ್ಲಷ್ಟೇ ಕೆಂಪು ಪಟ್ಟಿ: ಲಿವರ್ ತೊಂದರೆ ಇರಬಹುದು.
* ಅರ್ಧ ಬಿಳಿ, ಅರ್ಧ ಕಂದು: ಕಿಡ್ನಿ ತೊಂದರೆ ಇರಬಹುದು.
* ನೀಲಿ: ರಕ್ತದಲ್ಲಿ ಆಮ್ಲಜನಕ ಕಡಿಮೆ. ಉಸಿರಾಟದ ತೊಂದರೆಯೂ ಇದ್ದರೆ ಕಾಯಬೇಡಿ, ಕೂಡಲೇ 108ಕ್ಕೆ ಕರೆ ಮಾಡಿ.
* ಕಪ್ಪು ಗೆರೆ: ನಮ್ಮಂಥ ಮೈಬಣ್ಣದವರಲ್ಲಿ ಸಾಮಾನ್ಯ. ಆದರೆ ಒಂದೇ ಉಗುರಲ್ಲಿ ಹೊಸದಾಗಿ ಬಂದು ಅಗಲವಾಗುತ್ತಿದ್ದರೆ ಕ್ಯಾನ್ಸರ್ ಸಂಶಯ, ಚರ್ಮದ ಡಾಕ್ಟರಿಗೆ ತೋರಿಸಲೇಬೇಕು.

ಮಕ್ಕಳ ಉಗುರಿನ ಬಿಳಿ ಚುಕ್ಕೆ ಕಂಡು ಕ್ಯಾಲ್ಸಿಯಂ ಗುಳಿಗೆ ತರುವ ಅಗತ್ಯವಿಲ್ಲ. ಅದು ಬಹುತೇಕ ಸಣ್ಣ ಪೆಟ್ಟಿನ ಗುರುತು, ಬೆಳೆದಂತೆ ಹೋಗುತ್ತದೆ.

ಏನು ಮಾಡಬೇಕು?
ಉಗುರು ನೋಡಿ ರೋಗ ಇದೇ ಎಂದು ತೀರ್ಮಾನಿಸುವುದು ಆಗದ ಮಾತು, ಅದು ಸೂಚನೆ ಮಾತ್ರ. ಸುಸ್ತು, ಕಾಲು ಬಾವು, ಉಬ್ಬಸ ಜೊತೆಗಿದ್ದರೆ ತಡ ಮಾಡಬೇಡಿ. ಹಿಮೋಗ್ಲೋಬಿನ್, ಸಕ್ಕರೆ ಪರೀಕ್ಷೆಗೆ ಮೊದಲು ಹತ್ತಿರದ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಮೆಡಿಕಲ್ ಅಂಗಡಿಯಲ್ಲಿ ಕೇಳಿ ತಂದ ಮುಲಾಮು ಹಚ್ಚುತ್ತಾ ತಿಂಗಳು ಕಳೆಯಬೇಡಿ. ಆಸ್ಪತ್ರೆಗೆ ಹೋಗುವಾಗ ನೇಲ್ ಪಾಲಿಶ್ ತೆಗೆದಿರಲಿ. ಇಲ್ಲದಿದ್ರೆ ಡಾಕ್ಟರಿಗೆ ಉಗುರಿನ ಬಣ್ಣ ಕಾಣಲ್ಲ, ಬೆರಳಿಗೆ ಹಾಕುವ ಆಕ್ಸಿಮೀಟರ್ ಲೆಕ್ಕವೂ ತಪ್ಪಬಹುದು.