ಕಾಲಿದ್ದವರಿಗೆ ಹಂಪಿ, ಕಾಲಿಗೊಂದು ಬಾಡಿಗೆ ಸೈಕಲ್

‘ಕಾಲಿದ್ದರೆ ಹಂಪಿ, ಕಣ್ಣಿದ್ದರೆ ಕನಕಗಿರಿ’ ಎಂಬುದು ತುಂಗಭದ್ರೆಯ ಎರಡೂ ದಡಗಳ ಹಳ್ಳಿಗಳಲ್ಲಿ ಕೇಳಿಬರುವ ಮಾತು. ಕನಕಗಿರಿಯ ಗುಡಿಯ ಕೆತ್ತನೆಯನ್ನು ನಿಂತಲ್ಲೇ ಕಣ್ತುಂಬ ನೋಡಬಹುದು. ಹಂಪಿಯನ್ನು ಹಾಗೆ ನೋಡಲಾಗದು. ನಡೆದು ನಡೆದು ಕಾಲು ಸೋಲಬೇಕು. 1986ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಈ ಸ್ಮಾರಕ ಪ್ರದೇಶದ ವಿಸ್ತಾರ ಸುಮಾರು 42 ಚದರ ಕಿಲೋಮೀಟರ್. ಗುಡಿ, ಬಜಾರು, ಕೋಟೆ, ಕಾಲುವೆ, ಬಾಳೆತೋಟ, ಬಂಡೆಗುಡ್ಡ ಎಲ್ಲವೂ ಅದರಲ್ಲಿ ಬೆರೆತಿವೆ.

ಇಂಥ ಊರಿಗೆ ಕಾರಿನಲ್ಲಿ ಬಂದವರು ಮೂರು ತಾಸಿನಲ್ಲಿ ಕಲ್ಲಿನ ರಥದ ಮುಂದೆ ಒಂದು, ಕಮಲ ಮಹಲಿನ ಮುಂದೆ ಒಂದು ಫೋಟೊ ತೆಗೆಸಿಕೊಂಡು ಹೊರಟುಬಿಡುತ್ತಾರೆ. ನಡೆದೇ ನೋಡುತ್ತೇನೆಂದು ಹೊರಟವರನ್ನು ಹನ್ನೊಂದು ಗಂಟೆಯ ಬಿಸಿಲು ಯಾವುದಾದರೂ ಮಂಟಪದ ನೆರಳಿಗೆ ಅಟ್ಟಿಬಿಡುತ್ತದೆ. ಇವೆರಡರ ನಡುವಿನ ದಾರಿಯೇ ಬಾಡಿಗೆ ಸೈಕಲ್ಲು. ಹಂಪಿ ಬಜಾರಿನ ಹಿಂದಿನ ಓಣಿಗಳಲ್ಲೂ ಕಮಲಾಪುರದಲ್ಲೂ ದಿನದ ಬಾಡಿಗೆಗೆ ಅದು ಸಿಗುತ್ತದೆ.

ಸೈಕಲ್ಲಿನ ಗುಣ ಸರಳ ಲೆಕ್ಕದಲ್ಲಿದೆ. ನಡೆಯುವವನು ಪ್ರತಿ ಹೆಜ್ಜೆಗೂ ತನ್ನ ಮೈಭಾರವನ್ನು ತುಸು ಎತ್ತಿ ಇಳಿಸುತ್ತಾನೆ. ಸೈಕಲ್ ಸವಾರನ ಭಾರವನ್ನು ಸೀಟು ಹೊರುತ್ತದೆ. ಕಾಲಿನ ಶಕ್ತಿಯೆಲ್ಲ ಮುಂದೆ ಸಾಗುವುದಕ್ಕೇ ಸಲ್ಲುತ್ತದೆ. ಹೀಗಾಗಿ ಸಮತಟ್ಟಾದ ರಸ್ತೆಯಲ್ಲಿ ಒಂದು ಕಿಲೋಮೀಟರ್ ನಡೆಯಲು ಬೇಕಾಗುವ ಶಕ್ತಿಯ ಸುಮಾರು ಐದನೆಯ ಒಂದು ಪಾಲು ಸೈಕಲ್ಲಿಗೆ ಸಾಕು. ಪೆಡಲಿನ ಬಳಿಯ ಚಕ್ರಕ್ಕೆ 44 ಹಲ್ಲು, ಹಿಂದಿನ ಫ್ರೀವೀಲಿಗೆ 18 ಹಲ್ಲು ಇರುವ ಹಳೆಯ ಮಾದರಿಯ ದೊಡ್ಡ ಸೈಕಲ್ಲನ್ನು ತೆಗೆದುಕೊಳ್ಳಿ. ಪೆಡಲು ಒಂದು ಸುತ್ತು ತಿರುಗಿದರೆ ಹಿಂದಿನ ಗಾಲಿ ಸುಮಾರು ಎರಡೂವರೆ ಸುತ್ತು ಉರುಳಿ ಗಾಡಿ ಐದು ಮೀಟರಿಗೂ ಹೆಚ್ಚು ಮುಂದೆ ಹೋಗುತ್ತದೆ. ಅಂದರೆ ಏಳೆಂಟು ಹೆಜ್ಜೆಯ ದೂರ! ಇಷ್ಟಾದರೂ ವೇಗ ಕಣ್ಣಿಗೆ ಮೀರಿದ್ದಲ್ಲ. ಹಾಳುಗೋಡೆಯ ಮೇಲಿನ ಸಾಲುಗೊಂಬೆ ಕಂಡರೆ ಬ್ರೇಕ್ ಹಿಡಿದು ಇಳಿದುಬಿಡಬಹುದು.

ತಾಸಿನ ಲೆಕ್ಕದ ಗಾಡಿ

ಬಾಡಿಗೆ ಸೈಕಲ್ಲು ಹಂಪಿಗೆ ಬಂದ ಪರದೇಶದವರು ಹುಟ್ಟಿಸಿದ್ದಲ್ಲ. ಹಡಗಲಿ, ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿ ಸೀಮೆಯ ಊರುಗಳಲ್ಲಿ ಬಸ್ ನಿಲ್ದಾಣದ ಬಳಿ ಇಂಥದೊಂದು ಅಂಗಡಿ ಇದ್ದೇ ಇರುತ್ತಿತ್ತು. ಮಡ್‌ಗಾರ್ಡಿನ ಮೇಲೆ ಬಣ್ಣದಲ್ಲಿ ಬರೆದ ನಂಬರು, ಗೋಡೆಗೆ ತೂಗುಹಾಕಿದ ಗಡಿಯಾರ, ಹೊತ್ತು ಬರೆದಿಡುವ ಉದ್ದನೆಯ ಪುಸ್ತಕ, ಪಂಕ್ಚರ್ ಗುರುತಿಸುವ ನೀರಿನ ಬಾಣಲೆ, ಇಷ್ಟೇ ಅದರ ಬಂಡವಾಳ. ಸೀಟಿಗೆ ಕಾಲು ಎಟುಕದ ಹುಡುಗರು ಒಳಪೆಡಲ್ ತುಳಿದು ಸವಾರಿ ಕಲಿತದ್ದು ಆ ಗಾಡಿಗಳ ಮೇಲೆಯೇ. ಹಳ್ಳಿಗೆ ಹೋಗುವ ನೌಕರನಿಗೂ ಸಂತೆಗೆ ಬಂದ ರೈತನಿಗೂ ಅದೇ ವಾಹನ.

ಮೊಪೆಡ್ಡು, ಮೋಟಾರು ಬೈಕು ಬಂದವು. 2006–07ರಿಂದ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಸೈಕಲ್ ಕೊಡತೊಡಗಿದಾಗ ಮನೆಯಂಗಳದಲ್ಲೇ ಸೈಕಲ್ಲು ನಿಂತಿತು. ತಾಸಿನ ಲೆಕ್ಕದ ಅಂಗಡಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಊರೂರಿನಲ್ಲಿ ಮುಗಿದುಹೋದ ಆ ಕಸುಬು ಹಂಪಿಯಲ್ಲಿ ಉಳಿದುಕೊಂಡದ್ದು ಪ್ರವಾಸಿಗರಿಂದ. ಮೈಸೂರಿನಲ್ಲಿ 2017ರ ಜೂನ್ ತಿಂಗಳಲ್ಲಿ ‘ಟ್ರಿಣ್ ಟ್ರಿಣ್’ ಹೆಸರಿನ ಸಾರ್ವಜನಿಕ ಸೈಕಲ್ ಯೋಜನೆ ಆರಂಭವಾದಾಗ ಅದನ್ನು ಹೊಸತೆಂದು ಕೊಂಡಾಡಲಾಯಿತು. ಒಂದು ಕಡೆ ಸೈಕಲ್ ಪಡೆದು ಇನ್ನೊಂದು ಕಡೆ ಬಿಡುವ ಏರ್ಪಾಡು ಹೊಸದು ನಿಜ. ಬಾಡಿಗೆಗೆ ಪಡೆದು ತುಳಿಯುವುದು ಮಾತ್ರ ನಮ್ಮವರ ಹಳೆಯ ರೂಢಿ.

ದಾರಿಯ ವಿವರ

ಹೊಸಪೇಟೆಯಿಂದ ಹಂಪಿಗೆ ಹದಿಮೂರು ಕಿಲೋಮೀಟರ್. ಊರು ದಾಟಿದೊಡನೆ ಸಿಗುವುದು ಅನಂತಶಯನಗುಡಿ. ಕೃಷ್ಣದೇವರಾಯ 1524ರಲ್ಲಿ ಮಗ ತಿರುಮಲನ ಹೆಸರಿನಲ್ಲಿ ಇಲ್ಲೊಂದು ಪುರ ಕಟ್ಟಿಸಿ ಈ ಗುಡಿಯನ್ನು ಎಬ್ಬಿಸಿದ. ಮಲಗಿದ ದೇವರಿಗೆಂದೇ ಗರ್ಭಗುಡಿ ಉದ್ದಕ್ಕಿದೆ. ಒಳಗೆ ಆ ದೇವರಿಲ್ಲ. ಈ ಗುಡಿಗಾಗಿ ಕಡೆದ ಅನಂತಶಯನ ಹಡಗಲಿ ತಾಲ್ಲೂಕಿನ ಹೊಳಲಿನಲ್ಲೇ ಉಳಿದುಬಿಟ್ಟ, ಅಲ್ಲಿಂದ ಕದಲಲು ಒಪ್ಪಲಿಲ್ಲ ಎಂಬುದು ಜನರ ಕಥೆ. ಹೊಳಲಿನಲ್ಲಿ ಆ ಮೂರ್ತಿ ಇಂದಿಗೂ ಮಲಗಿದೆ. ಕಾರಿನಲ್ಲಿ ಹೋಗುವವರು ಈ ಗುಡಿಯ ಮುಂದೆ ನಿಲ್ಲುವುದು ಅಪರೂಪ.

ಹಂಪಿಗೆ ಹೊಸಬರಾದವರು ಮೊದಲು ಕಮಲಾಪುರದ ವಸ್ತುಸಂಗ್ರಹಾಲಯಕ್ಕೆ ಹೋಗುವುದು ಲೇಸು. ಅಲ್ಲಿ ಇಡೀ ಪ್ರದೇಶದ ಮಾದರಿಯನ್ನು ಮಾಡಿಟ್ಟಿದ್ದಾರೆ. ಅದರ ಸುತ್ತ ಒಮ್ಮೆ ಬಂದರೆ ದಿಕ್ಕು ತಿಳಿಯುತ್ತದೆ. ಶುಕ್ರವಾರ ರಜೆ. ಅಲ್ಲಿಂದ ರಾಣಿಯರ ಸ್ನಾನಗೃಹ, ಮಹಾನವಮಿ ದಿಬ್ಬ, 1980ರ ದಶಕದ ಉತ್ಖನನದಲ್ಲಿ ಬೆಳಕಿಗೆ ಬಂದ ಮೆಟ್ಟಿಲು ಪುಷ್ಕರಣಿ, ಹಜಾರರಾಮ ಗುಡಿ, ಕಮಲ ಮಹಲು, ಆನೆಲಾಯಗಳನ್ನು ನೋಡಿಕೊಂಡು ಬಡವಿಲಿಂಗದ ಕಡೆಗೆ ಗಾಡಿ ತಿರುಗಿಸಬಹುದು. ಪಕ್ಕದಲ್ಲೇ 1528ರ ಉಗ್ರನರಸಿಂಹ, 6.7 ಮೀಟರ್ ಎತ್ತರ. ಮುಂದೆ ಕೃಷ್ಣ ದೇವಾಲಯ, ಹೇಮಕೂಟ, ವಿರೂಪಾಕ್ಷ.

ಈ ದಾರಿಯುದ್ದಕ್ಕೂ ಒಂದರ ಮೇಲೊಂದು ಪೇರಿಸಿಟ್ಟಂತೆ ಕಾಣುವ ಬಂಡೆಗಳಿವೆ. ಭೂಕಂಪ ಎಸೆದದ್ದಲ್ಲ, ಯಾರೂ ಪೇರಿಸಿದ್ದೂ ಅಲ್ಲ. ಇನ್ನೂರೈವತ್ತು ಕೋಟಿ ವರ್ಷಗಳಷ್ಟು ಹಳೆಯ ಗ್ರಾನೈಟ್ ಕಲ್ಲು ಬಿರುಕುಗಳ ಗುಂಟ ನೀರು ಇಳಿದು, ಮೂಲೆಗಳು ಸವೆದು, ಮಣ್ಣಾದದ್ದು ಕೊಚ್ಚಿಹೋಗಿ, ಗಟ್ಟಿ ತಿರುಳು ಮಾತ್ರ ಇದ್ದಲ್ಲೇ ದುಂಡಗೆ ಉಳಿದಿದೆ.

ಹಂಪಿ ಬಜಾರಿನಿಂದ ವಿಠ್ಠಲ ದೇವಾಲಯಕ್ಕೆ ಹೊಳೆಯ ದಂಡೆಯ ಕಾಲುದಾರಿ ಹತ್ತಿರದ್ದು. ಆದರೆ ಮೆಟ್ಟಿಲುಗಳಲ್ಲಿ ಸೈಕಲ್ಲನ್ನು ಹೆಗಲ ಮೇಲೆ ಹೊರಬೇಕಾಗುತ್ತದೆ. ಕಮಲಾಪುರದಿಂದ ತಳವಾರಘಟ್ಟದ ಕಡೆಗೆ ಹೋಗುವ ರಸ್ತೆಯೇ ಸವಾರಿಗೆ ಸರಿ. ಕಮಲ ಮಹಲಿನ ಆವರಣದಲ್ಲಿ ಕೊಂಡ ಟಿಕೆಟ್ಟು ಅದೇ ದಿನ ವಿಠ್ಠಲ ದೇವಾಲಯಕ್ಕೂ ನಡೆಯುತ್ತದೆ, ಜೋಪಾನವಾಗಿ ಇಟ್ಟುಕೊಳ್ಳಬೇಕು.

ಹರಿಗೋಲಿನಲ್ಲಿ ಸೈಕಲ್ಲು

ಹಂಪಿಯ ಅರ್ಧ ಸೊಬಗು ಹೊಳೆಯಾಚೆ ಇದೆ. ತಳವಾರಘಟ್ಟದಲ್ಲಿ ಹೊಳೆ ದಾಟಿದರೆ ಆನೆಗೊಂದಿ. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಇಲ್ಲಿಯ ಹರಿಗೋಲನ್ನು ವರ್ಣಿಸಿದ್ದಾನೆ: ಬುಟ್ಟಿಯಂತೆ ದುಂಡಗಿನ ದೋಣಿ, ಒಳಗೆ ಬೆತ್ತದ ಹೆಣಿಗೆ, ಹೊರಗೆ ಚರ್ಮದ ಹೊದಿಕೆ, ಹದಿನೈದು ಇಪ್ಪತ್ತು ಜನರ ಜೊತೆಗೆ ಬೇಕಾದರೆ ಕುದುರೆ, ಎತ್ತುಗಳೂ ಅದರಲ್ಲಿ ದಾಟಬಲ್ಲವಂತೆ. ಕುದುರೆ ಹೋದ ಜಾಗದಲ್ಲಿ ಸೈಕಲ್ಲು ಬಂತು. ಹರಿಗೋಲಿಗೆ ಮೂತಿಯೂ ಇಲ್ಲ, ತಳದಲ್ಲಿ ಏಣೂ ಇಲ್ಲ. ಒಂದೇ ಬದಿ ಹುಟ್ಟು ಹಾಕಿದರೆ ಬುಗುರಿಯಂತೆ ಸುತ್ತುತ್ತದೆ. ಅದನ್ನು ನೆಟ್ಟಗೆ ದಡ ಸೇರಿಸುವುದೇ ಅಂಬಿಗನ ವಿದ್ಯೆ.

ಹೊಳೆಯಾಚೆಯ ದಾರಿ ಇನ್ನೂ ಶಾಂತ. ಆನೆಗೊಂದಿಯ ಗಗನ ಮಹಲು, ರಂಗನಾಥನ ಗುಡಿ, ಹುಚ್ಚಪ್ಪಯ್ಯನ ಮಠ. ಅಲ್ಲಿಂದ ದೋಣಿಯಲ್ಲಿ ನವಬೃಂದಾವನದ ನಡುಗಡ್ಡೆ. ವ್ಯಾಸರಾಯರೂ ಸೇರಿದಂತೆ ಒಂಬತ್ತು ಯತಿಗಳ ಬೃಂದಾವನಗಳು ಅಲ್ಲಿವೆ. ಪಶ್ಚಿಮಕ್ಕೆ ತಿರುಗಿದರೆ ಗದ್ದೆಗಳ ನಡುವಿನ ರಸ್ತೆ ಪಂಪಾ ಸರೋವರ, ಅಂಜನಾದ್ರಿಗಳನ್ನು ದಾಟಿ ಸಣಾಪುರದ ಕೆರೆಯ ಕಡೆಗೆ ಸಾಗುತ್ತದೆ.

1420ರ ಸುಮಾರಿಗೆ ವಿಜಯನಗರವನ್ನು ಕಂಡ ನಿಕೊಲೊ ಕೊಂಟಿ ಮೆಡಿಟರೇನಿಯನ್ ಸೀಮೆಯವನು, ವೆನಿಸ್ ಬಳಿಯ ಕಿಯೋಜ್ಜಾ ಊರಿನವನು. ಈ ನಗರದ ಸುತ್ತಳತೆ ಅರವತ್ತು ಮೈಲಿ ಎಂದು ಆತ ಹೇಳಿದ. ಇಂದು ವೆನಿಸ್ಸಿನ ಹಳೆಯ ಊರಿನೊಳಗೆ ಸೈಕಲ್ ತುಳಿಯುವಂತಿಲ್ಲ. ಇಕ್ಕಟ್ಟಾದ ಓಣಿ, ಮೆಟ್ಟಿಲುಳ್ಳ ಸೇತುವೆಗಳು. ಪ್ರವಾಸಿಗರು ದೋಣಿಯಲ್ಲಿ ಲೀಡೊ ಎಂಬ ಉದ್ದನೆಯ ದ್ವೀಪಕ್ಕೆ ಹೋಗಿ, ಬಾಡಿಗೆಗೆ ಸೈಕಲ್ ಪಡೆದು ಕಡಲ ದಂಡೆಯಲ್ಲಿ ಸುತ್ತುತ್ತಾರೆ. ಹಳೆಯ ಊರನ್ನೂ ಕಾಪಾಡಿಕೊಂಡು ಸೈಕಲ್ಲಿಗೂ ಒಂದು ಜಾಗ ಕೊಟ್ಟ ರೀತಿ ಅದು. ಕೊಂಟಿ ಬಂದು ನೋಡಿದ ಊರಿನಲ್ಲಿ ಆ ಜಾಗ ಇನ್ನೂ ಗೊತ್ತಾಗಬೇಕಾಗಿದೆ.

ಗಡ್ಡೆಯ ಕಥೆ

ವಿರೂಪಾಕ್ಷ ಗುಡಿಯ ಎದುರು ದಡದಲ್ಲಿ, ಕೊಪ್ಪಳ ಜಿಲ್ಲೆಗೆ ಸೇರಿದ ವಿರೂಪಾಪುರ ಗಡ್ಡೆ ಇದೆ. ಗದ್ದೆ, ಬಂಡೆ, ಹೊಳೆಯ ಟಿಸಿಲುಗಳ ನಡುವಿನ ಈ ನಡುಗಡ್ಡೆಯಲ್ಲಿ ಪರದೇಶದ ಪ್ರವಾಸಿಗರು ತಿಂಗಳುಗಟ್ಟಲೆ ತಂಗುತ್ತಿದ್ದರು. ವಸತಿಗೃಹ, ಊಟದ ಮನೆಗಳ ಜೊತೆಗೆ ಸೈಕಲ್, ಮೊಪೆಡ್ ಬಾಡಿಗೆಯೂ ಬೆಳೆಯಿತು. 1988ರಲ್ಲೇ ಈ ಭಾಗವನ್ನು ಸಂರಕ್ಷಿತವೆಂದು ಸಾರಲಾಗಿತ್ತು. ಕಟ್ಟಡಗಳು ಅಕ್ರಮವೆಂದು ಹೈಕೋರ್ಟ್ 2015ರಲ್ಲಿ ಹೇಳಿತು. 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಮಾರ್ಚ್ ತಿಂಗಳಲ್ಲಿ ಜೆಸಿಬಿಗಳು ಬಂದವು. ಅದೇ ತಿಂಗಳು ಕೊರೊನಾ ಬಂದು ಪ್ರವಾಸಿಗರೂ ಇಲ್ಲವಾದರು. ಅದಕ್ಕೂ ಮೊದಲು, 2011ರ ಜುಲೈನಲ್ಲಿ, ಹಂಪಿ ಬಜಾರಿನ ಸಾಲುಮಂಟಪಗಳಲ್ಲಿ ಸಂಸಾರ ಹೂಡಿದ್ದವರನ್ನು ತೆರವುಗೊಳಿಸಲಾಗಿತ್ತು.

ಸ್ಮಾರಕ ಉಳಿಯಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಸಾಲುಮಂಟಪಕ್ಕೆ ಇಟ್ಟಿಗೆ ಗೋಡೆ ಕಟ್ಟಿ ಅಂಗಡಿ ಮಾಡಿದರೆ ಕಂಬಕ್ಕೆ ಕುತ್ತು. ಆನೆಗೊಂದಿಯ ಸೇತುವೆಯ ಕಾಮಗಾರಿ 1999ರಲ್ಲಿ ಹಂಪಿಯನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ತಳ್ಳಿದ ಕಾರಣಗಳಲ್ಲೊಂದು. 2006ರಲ್ಲಿ ಹಂಪಿ ಆ ಪಟ್ಟಿಯಿಂದ ಹೊರಬಂತು. ಸೇತುವೆ ಮಾತ್ರ 2009ರ ಜನವರಿಯಲ್ಲಿ ಕಟ್ಟುತ್ತಿರುವಾಗಲೇ ಕುಸಿದು ಕೂಲಿಕಾರರ ಜೀವ ತೆಗೆಯಿತು. ಹಳೆಯ ಊರಿನಲ್ಲಿ ಹೊಸತನ್ನು ಕಟ್ಟುವಾಗ ಎಷ್ಟು ಎಚ್ಚರ ಬೇಕೆಂಬುದಕ್ಕೆ ಇದಕ್ಕಿಂತ ಕಟುವಾದ ಪಾಠ ಬೇಕಿಲ್ಲ.

ಆದರೆ ಬಾಡಿಗೆ ಸೈಕಲ್ಲಿನ ಕಸುಬನ್ನು ಈ ತಕ್ಕಡಿಯಲ್ಲಿ ಬೇರೆಯಾಗಿಯೇ ತೂಗಬೇಕು. ಅದಕ್ಕೆ ಅಡಿಪಾಯ ಬೇಡ, ಗೋಡೆ ಬೇಡ, ಕೊಳವೆಬಾವಿ ಬೇಡ. ಒಂದು ಬೇವಿನ ಮರದ ನೆರಳು, ಒಂದು ಗಾಳಿಪಂಪು ಸಾಕು. ಹೊಗೆಯಿಲ್ಲ, ಹಾರನ್ನಿಲ್ಲ, ಬಸ್ಸು ಕಾರುಗಳಂತೆ ನೆಲವನ್ನು ಅದುರಿಸುವುದಿಲ್ಲ. ಸಂರಕ್ಷಿತ ಪ್ರದೇಶದ ನಿಯಮಕ್ಕೆ ಒಗ್ಗುವ ಉದ್ಯೋಗ ಯಾವುದಾದರೂ ಇದ್ದರೆ ಇದೇ. ಅದಲ್ಲದೆ ಸೈಕಲ್ಲಿನಲ್ಲಿ ನೋಡುವವನು ಮೂರು ತಾಸಿನಲ್ಲಿ ಹೋಗಿಬಿಡಲಾರ; ಎರಡು ದಿನವಾದರೂ ಉಳಿಯುತ್ತಾನೆ. ದಾರಿಬದಿ ಎಳನೀರು ಕುಡಿಯುತ್ತಾನೆ, ಊರವರ ಮನೆಯೂಟ ಉಣ್ಣುತ್ತಾನೆ, ಆನೆಗೊಂದಿಯಲ್ಲಿ ಬಾಳೆನಾರಿನ ಚೀಲ ಕೊಳ್ಳುತ್ತಾನೆ. ದುಡ್ಡು ನಾಲ್ಕು ಕೈಗೆ ಹಂಚಿಹೋಗುತ್ತದೆ. ಕಲ್ಲನ್ನು ಉಳಿಸುವ ಯೋಜನೆಯಲ್ಲಿ ಈ ಕಸುಬಿನವರಿಗೆ ಗೊತ್ತಾದ ನಿಲ್ದಾಣ, ಲೈಸೆನ್ಸು ಕೊಟ್ಟರೆ ಪ್ರತಿ ತೆರವಿನಲ್ಲೂ ಅವರು ಓಣಿಯಿಂದ ಓಣಿಗೆ ಗಾಡಿ ತಳ್ಳಿಕೊಂಡು ಹೋಗುವುದು ತಪ್ಪೀತು.

ಹೊರಡುವ ಮುನ್ನ

ನವೆಂಬರಿನಿಂದ ಫೆಬ್ರವರಿಯವರೆಗೆ ಸವಾರಿಗೆ ಒಳ್ಳೆಯ ಕಾಲ. ಏಪ್ರಿಲ್, ಮೇ ತಿಂಗಳುಗಳಲ್ಲಿ ಬಿಸಿಲು 40 ಡಿಗ್ರಿ ಮುಟ್ಟುವುದುಂಟು. ಗಾಡಿ ಪಡೆಯುವಾಗ ಎರಡೂ ಬ್ರೇಕು, ಚೈನು, ಬೆಲ್ಲು, ಸ್ಟ್ಯಾಂಡು ನೋಡಬೇಕು. ಸೀಟನ್ನು ತನ್ನ ಎತ್ತರಕ್ಕೆ ಸರಿಮಾಡಿಸಿಕೊಳ್ಳಬೇಕು. ಗಾಳಿಯನ್ನು ಕಲ್ಲಿನಂತೆ ಬಿಗಿಯಾಗಿ ತುಂಬಿಸಬಾರದು. ಮುಂಜಾನೆ 30 ಡಿಗ್ರಿಯಲ್ಲಿ ತುಂಬಿದ ಗಾಳಿ, ಬಂಡೆಯ ಮೇಲೆ ಬಿಸಿಲಿಗೆ ನಿಂತು 55 ಡಿಗ್ರಿಗೆ ಕಾದರೆ ಒಳಗಿನ ಒತ್ತಡ ಶೇಕಡಾ ಎಂಟರಷ್ಟು ಏರುತ್ತದೆ. ಹಳೆಯ ಟ್ಯೂಬಿಗೆ ಅಷ್ಟು ಸಾಕು. ಗಾಡಿಯನ್ನು ನೆರಳಿನಲ್ಲಿ ನಿಲ್ಲಿಸುವುದು ಸವಾರನಿಗಿಂತ ಟೈರಿಗೆ ಮುಖ್ಯ.

ಮಳೆಗಾಲದಲ್ಲಿ ತುಂಗಭದ್ರಾ ಜಲಾಶಯದಿಂದ ನೀರು ಬಿಟ್ಟರೆ ಪುರಂದರ ಮಂಟಪ ಮುಳುಗುತ್ತದೆ, ದೋಣಿ ಹರಿಗೋಲುಗಳು ನಿಲ್ಲುತ್ತವೆ. ಆಗ ಬುಕ್ಕಸಾಗರ–ಕಡೆಬಾಗಿಲು ಸೇತುವೆಯೇ ಗತಿ. ಸುತ್ತು ಹೆಚ್ಚಾದರೂ ಜೀವಕ್ಕೆ ಭಯವಿಲ್ಲ. ಬಂಡೆಗುಡ್ಡಗಳಲ್ಲಿ ಕರಡಿ, ಚಿರತೆಗಳಿವೆ. 2025ರ ಮಾರ್ಚ್‌ನಲ್ಲಿ ಸಣಾಪುರದ ಬಳಿ ರಾತ್ರಿ ಹೊತ್ತು ಪ್ರವಾಸಿಗರ ಮೇಲೆ ನಡೆದ ಘೋರ ದೌರ್ಜನ್ಯವನ್ನೂ ಮರೆಯುವಂತಿಲ್ಲ. ಹೊತ್ತು ಮುಳುಗುವ ಮುಂಚೆ ಊರು ಸೇರಿಬಿಡಬೇಕು. ಇಂಥ ಎಚ್ಚರದ ಭಾರವೆಲ್ಲ ಪ್ರವಾಸಿಯ ಮೇಲೆಯೇ ಬೀಳದಂತೆ ದಾರಿದೀಪ, ಗಸ್ತು ಒದಗಿಸುವುದು ಆಡಳಿತದ ಕೆಲಸ.

ಡಿಸೆಂಬರ್ ಬಂತೆಂದರೆ ಶಾಲೆಗಳ ಪ್ರವಾಸದ ಬಸ್ಸುಗಳು ಹಂಪಿಗೆ ಸಾಲುಗಟ್ಟುತ್ತವೆ. ಮಕ್ಕಳು ಸಾಲಾಗಿ ಇಳಿದು, ಸಾಲಾಗಿ ಹತ್ತಿ, ಸಂಜೆಯೊಳಗೆ ತುಂಗಭದ್ರಾ ಅಣೆಕಟ್ಟನ್ನೂ ನೋಡಿ ಮುಗಿಸಿರುತ್ತಾರೆ. ಹತ್ತಿರದ ತಾಲ್ಲೂಕುಗಳ ಪ್ರೌಢಶಾಲೆಗಳಾದರೂ ವರ್ಷಕ್ಕೊಮ್ಮೆ ಇಪ್ಪತ್ತು ಮಕ್ಕಳನ್ನು ಇಬ್ಬರು ಮೇಷ್ಟ್ರ ಜೊತೆ ಕಮಲಾಪುರದಲ್ಲಿ ಇಳಿಸಿ, ಬಾಡಿಗೆ ಸೈಕಲ್ ಕೊಡಿಸಿ ನೋಡಬೇಕು. ಕಾಲುವೆಯ ನೀರು ಪುಷ್ಕರಣಿಗೆ ಹೇಗೆ ಬರುತ್ತಿತ್ತು, ಬಂಡೆಯನ್ನು ಸೀಳಲು ಉಳಿಯ ಗುಳಿಗಳನ್ನು ಎಷ್ಟೆಷ್ಟು ದೂರಕ್ಕೆ ಕೊರೆದಿದ್ದರು ಎಂಬುದನ್ನು ಇಳಿದು, ಮುಟ್ಟಿ, ಅಳೆದು ನೋಡಲು ಆಗ ಅವರಿಗೆ ಹೊತ್ತು ಸಿಗುತ್ತದೆ. ಬಾಡಿಗೆಯ ಹಣವೂ ಬಸ್ಸಿನ ಡೀಸೆಲ್ಲಿಗಿಂತ ಹೆಚ್ಚಾಗಲಿಕ್ಕಿಲ್ಲ.