ಪೋರಬಂದರದ ಕಲ್ಲು: ಕಡಲಿನದೋ, ಗಾಳಿಯದೋ?

ಮುಂಬಯಿಯ ಕೋಟೆ ಪ್ರದೇಶದಲ್ಲಿ 19ನೆಯ ಶತಮಾನದಲ್ಲಿ ಎದ್ದುನಿಂತ ಹಲವು ಸೌಧಗಳ ಕೆತ್ತನೆಗೆ ನಸುಹಳದಿಯ ಕಲ್ಲೊಂದನ್ನು ಬಳಸಲಾಗಿದೆ. ಪೋರಬಂದರದ ಕಲ್ಲೆಂಬುದು ಅದರ ವಾಡಿಕೆಯ ಹೆಸರು. ಭೂಗರ್ಭಶಾಸ್ತ್ರಜ್ಞರು ಅದನ್ನು ಮಿಲಿಯೊಲೈಟ್ ಎನ್ನುತ್ತಾರೆ. ಸೌರಾಷ್ಟ್ರದ ಕರಾವಳಿಯಲ್ಲಿ ಹಬ್ಬಿರುವ ಈ ಸುಣ್ಣಕಲ್ಲು ಕಚ್ಛದಲ್ಲಿಯೂ ಉಂಟು.

ಭೂತಗನ್ನಡಿಯಲ್ಲಿ ನೋಡಿದರೆ ಇದರಲ್ಲಿ ಏಕಕೋಶ ಜೀವಿಗಳ ಚಿಪ್ಪುಗಳು ತುಂಬಿರುವುದು ಕಾಣುತ್ತದೆ. ಕಡಲಿನಲ್ಲಿ ಬಾಳುವ ಈ ಜೀವಿಗಳು ನೂಲುಂಡೆ ಸುತ್ತಿದಂತೆ ಕೋಣೆಯ ಮೇಲೆ ಕೋಣೆ ಕಟ್ಟಿಕೊಳ್ಳುತ್ತವೆ. ಲ್ಯಾಟಿನ್ನಿನ 'ಮಿಲಿಯಮ್' ಎಂದರೆ ಕಿರುಧಾನ್ಯ. ಕನ್ನಡಿಗರು ನವಣೆಯ ಕಾಳನ್ನು ನೆನೆದರೆ ಸಾಕು. ಮುಂಬಯಿಯಲ್ಲಿ ವೈದ್ಯನಾಗಿದ್ದ ಎಚ್. ಜೆ. ಕಾರ್ಟರ್ 19ನೆಯ ಶತಮಾನದ ಮಧ್ಯದಲ್ಲಿ ಈ ಶಿಲೆಗೆ ಆ ಹೆಸರನ್ನಿತ್ತನು.

ಚಿಪ್ಪು ಕಡಲಿನದಾದ ಮೇಲೆ ಕಲ್ಲೂ ಕಡಲಿನದೇ ಎನ್ನುವುದು ಸಹಜ. ಆದರೆ ಇದೇ ಕಲ್ಲು ಒಳನಾಡಿನ ಚೋಟೀಲಾ ಬೆಟ್ಟದಲ್ಲಿ ಸಾವಿರ ಅಡಿಗೂ ಮಿಕ್ಕ ಎತ್ತರದಲ್ಲಿದೆ. ಇಷ್ಟು ಈಚಿನ ಕಾಲದಲ್ಲಿ ಕಡಲು ಅಲ್ಲಿಯವರೆಗೆ ಏರಿತ್ತೇ? ನೆಲವೇ ಮೇಲೆದ್ದಿತೇ? 1900ರಲ್ಲಿ ಜೆ. ಡಬ್ಲ್ಯು. ಇವಾನ್ಸ್ ಜುನಾಗಢದ ಕಲ್ಲನ್ನು ಪರಿಶೀಲಿಸಿ, ಇದು ಗಾಳಿ ಹೊತ್ತು ತಂದ ಮರಳು ಎಂದು ವಾದಿಸಿದನು. ಈ ವಾದಕ್ಕೆ ಬಲವಾದ ಆಧಾರಗಳಿವೆ. ಒಳನಾಡಿನ ಕಲ್ಲಿನಲ್ಲಿ ಕಣಗಳು ಹೆಚ್ಚುಕಡಿಮೆ ಒಂದೇ ಗಾತ್ರದವು, ಉಜ್ಜಿ ದುಂಡಾದವು. ದೊಡ್ಡ ಚಿಪ್ಪುಗಳು ಅಲ್ಲಿಲ್ಲ. ಪದರಗಳು ಮರಳುದಿಬ್ಬದ ಇಳಿಜಾರಿನಂತೆ ಓರೆಯಾಗಿವೆ. ಹಿಮಯುಗಗಳಲ್ಲಿ ಕಡಲು ಹಿಂದೆ ಸರಿದಾಗ ತಳದ ಸುಣ್ಣಮರಳು ಬಯಲಾಯಿತು. ಅದನ್ನು ಗಾಳಿ ಒಳನಾಡಿಗೆ ತೂರಿ, ಬೆಟ್ಟಗಳ ಮಗ್ಗುಲಿಗೆ ಒಟ್ಟಿತು. ಆ ಬೆಟ್ಟಗಳಲ್ಲಿ ಬಹಳಷ್ಟು ಬೆಳಗಾವಿ, ವಿಜಯಪುರಗಳ ಕರಿಕಲ್ಲಿನ ಬಳಗದವೇ. ಮಳೆನೀರು ಸುಣ್ಣವನ್ನು ಕರಗಿಸಿ ಮತ್ತೆ ಕಣಗಳ ನಡುವೆ ಹರಳುಗಟ್ಟಿಸಿದ್ದರಿಂದ ಮರಳು ಕಲ್ಲಾಯಿತು.

ಹಾಗೆಂದು ಎಲ್ಲವನ್ನೂ ಗಾಳಿಯ ಲೆಕ್ಕಕ್ಕೆ ಸೇರಿಸುವುದು ಆತುರವಾದೀತು. ಕರಾವಳಿಯಂಚಿನ ಕೆಲವು ಪದರಗಳಲ್ಲಿ ದೊಡ್ಡ ಚಿಪ್ಪುಗಳೂ ಹವಳದ ಚೂರುಗಳೂ ದೊರೆಯುತ್ತವೆ. ಅವು ಕಡಲಿನಲ್ಲಿಯೇ ನೆಲೆಗೊಂಡವು. ಚಿಪ್ಪು ಯಾವ ನೀರಿನಲ್ಲಿ ಹುಟ್ಟಿತೆಂಬುದು ಒಂದು ಪ್ರಶ್ನೆ, ಅದು ಯಾವ ನೆಲದಲ್ಲಿ ತಂಗಿತೆಂಬುದು ಬೇರೊಂದು. ಇವೆರಡನ್ನೂ ಬೆರೆಸಿದರೆ ಪ್ರಾಚೀನ ಕಡಲಿನ ಮಟ್ಟವನ್ನು ನೂರಾರು ಅಡಿ ತಪ್ಪಾಗಿ ಅಳೆದಂತಾಗುತ್ತದೆ.

ಯುರೇನಿಯಮ್ ಆಧಾರದ ಕಾಲಗಣನೆಯು ಈ ಶಿಲೆಯ ಬಹುಭಾಗವನ್ನು ಸುಮಾರು 2 ಲಕ್ಷದಿಂದ 50 ಸಾವಿರ ವರ್ಷಗಳ ಹಿಂದಿನ ಅವಧಿಗೆ ಸೇರಿಸಿದೆ. ಆದರೆ ಕರಗಿ ಮತ್ತೆ ಹರಳುಗಟ್ಟಿದ ಸುಣ್ಣವು ಚಿಪ್ಪಿಗಿಂತ ಕಿರಿಯದು. ಆದುದರಿಂದ ಒಂದೇ ತುಣುಕಿನಲ್ಲಿ ಎರಡು ವಯಸ್ಸು ಅಡಗಿರಬಹುದೆಂಬ ಎಚ್ಚರದಿಂದಲೇ ಈ ಅಂಕೆಗಳನ್ನು ಓದಬೇಕಾಗಿದೆ.