ತಂಪಿನಿಂದ ಹಿಗ್ಗುವ ಕಾವು

ಕುಳಿತಲ್ಲಿಂದ ಏಳುವಾಗ, ಮೆಟ್ಟಿಲು ಹತ್ತುವಾಗ, ಹಾಸಿಗೆಯಲ್ಲಿ ಮಗ್ಗುಲು ಬದಲಿಸುವಾಗ ಸೊಂಟದ ಕೆಳಗೆ ಒಂದು ಪಕ್ಕದಲ್ಲಿ ನೋವೆಂದು ನಿಮ್ಮ ಮನೆಯ ಹಿರಿಯರು ಹೇಳಿಕೊಂಡಿರಬಹುದು. ನಾವು ಎಲ್ಲವನ್ನೂ 'ಸೊಂಟನೋವು' ಎಂಬ ಒಂದೇ ಹೆಸರಿನಿಂದ ಕರೆದು ಸುಮ್ಮನಾಗುತ್ತೇವೆ. ಆದರೆ ಬಹುಕಾಲ ಬಿಡದ ಸೊಂಟನೋವಿನವರಲ್ಲಿ ನೂರಕ್ಕೆ ೧೫ರಿಂದ ೩೦ ಮಂದಿಗೆ ಅದರ ಮೂಲ ಬೆನ್ನೆಲುಬಿನ ಬುಡದ ಕೀಲಿನಲ್ಲಿರುತ್ತದೆಂದು ವೈದ್ಯರ ಅಂದಾಜು. ಅಲ್ಲಿನ ತ್ರಿಕೋನಾಕಾರದ ಎಲುಬು ಎರಡೂ ಬದಿಯಲ್ಲಿ ಸೊಂಟದ ಎಲುಬನ್ನು ಕೂಡುತ್ತದೆ. ಆ ಕೂಡುವ ಸ್ಥಾನವೇ ಸ್ಯಾಕ್ರೋಇಲಿಯಾಕ್ ಕೀಲು. ದೇಹದ ಮೇಲ್ಭಾಗದ ಭಾರವೆಲ್ಲ ಇದರ ಮೂಲಕವೇ ಕಾಲಿಗಿಳಿಯುವುದು.

ನೋವಿನ ಸುದ್ದಿಯನ್ನು ಮೆದುಳಿಗೆ ಒಯ್ಯುವುದು ನರಗಳು ಸರಿಯಷ್ಟೆ. ಕೀಲಿನ ಹಿಂಬದಿಯ ನರದ ಎಳೆಗಳನ್ನು ಸುಟ್ಟರೆ ಆ ಸುದ್ದಿ ನಿಲ್ಲುತ್ತದೆ. ಇದಕ್ಕೆ ಬಳಸುವುದು ಸೆಕೆಂಡಿಗೆ ಸುಮಾರು ೫ ಲಕ್ಷ ಸಲ ಕಂಪಿಸುವ ವಿದ್ಯುತ್ತು. ಮಧ್ಯಮ ತರಂಗದ ಬಾನುಲಿ ಪ್ರಸಾರದ ಕಂಪನಗಳು ಇದಕ್ಕೆ ತುಸು ಮೇಲಿನಿಂದಲೇ ಮೊದಲಾಗುತ್ತವೆ. ಚಿಕಿತ್ಸೆಯ ಹೆಸರಿನಲ್ಲಿ 'ರೇಡಿಯೋ' ಎಂಬ ಮಾತು ಸೇರಿರುವುದು ಅದರಿಂದ. ಇಷ್ಟು ವೇಗದ ಕಂಪನಕ್ಕೆ ಸ್ನಾಯುಗಳು ಸೆಟೆಯುವುದಿಲ್ಲ. ಸೂಜಿಯ ತುದಿಯ ಸುತ್ತಲ ಮಾಂಸ ಮಾತ್ರ ಕಾಯುತ್ತದೆ.

ಇಲ್ಲೊಂದು ತೊಡಕುಂಟು. ಈ ಎಳೆಗಳ ಹಾದಿ ಒಬ್ಬರಲ್ಲಿದ್ದಂತೆ ಮತ್ತೊಬ್ಬರಲ್ಲಿಲ್ಲ. ಒಬ್ಬರಲ್ಲಿಯೇ ಎಡಬಲಗಳಿಗೆ ಭೇದವಿದೆ. ಸಾಮಾನ್ಯ ಸೂಜಿ ಸುಡುವ ಜಾಗ ಚಿಕ್ಕದಾದ್ದರಿಂದ ಎಳೆ ತಪ್ಪಿಹೋಗಬಹುದು. ವಿದ್ಯುತ್ತನ್ನು ಹೆಚ್ಚಿಸೋಣವೆಂದರೆ, ಉರಿ ಜೋರಾದಾಗ ಹೊರಗೆ ಸೀದು ಒಳಗೆ ಬೇಯದ ರೊಟ್ಟಿಯ ಗತಿಯಾಗುತ್ತದೆ: ತುದಿಗೆ ತಾಗಿದ ಭಾಗ ಕರಿಕಾಗಿ ವಿದ್ಯುತ್ತಿಗೆ ಅಡ್ಡಗಟ್ಟುತ್ತದೆ. ಅದಕ್ಕೆ ಕಂಡುಕೊಂಡ ಉಪಾಯ ತಂಪು. ಸೂಜಿಯೊಳಗೆ ನೀರು ಹರಿಸಿ ಅದರ ತುದಿಯನ್ನು ಸುಮಾರು ೬೦ ಡಿಗ್ರಿ ಸೆಲ್ಸಿಯಸ್‌ನಲ್ಲಿ ನಿಲ್ಲಿಸುತ್ತಾರೆ. ತುದಿ ಕರಿಕಾಗದೆ ಹೆಚ್ಚು ಶಕ್ತಿ ಹರಿಯುತ್ತದೆ. ಸುತ್ತಲ ಭಾಗ ತುದಿಗಿಂತ ಹೆಚ್ಚು ಕಾದು, ಸುಡುವ ಜಾಗ ಹಿಗ್ಗುತ್ತದೆ. ಒಂದೊಂದು ಸ್ಥಳಕ್ಕೆ ಎರಡೂವರೆ ನಿಮಿಷ ಸಾಕು.

ಫಲವೇನು? ೨೦೦೮ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ ಚಿಕಿತ್ಸೆ ಪಡೆದ ೧೪ ಜನರ ಪೈಕಿ ೮ ಮಂದಿಗೆ ಆರು ತಿಂಗಳಾದರೂ ನೋವು ಅರ್ಧಕ್ಕೋ ಅದಕ್ಕೂ ಕೆಳಕ್ಕೋ ಇಳಿದಿತ್ತು. ತೋರಿಕೆಯ ಚಿಕಿತ್ಸೆ ಪಡೆದ ೧೪ ಜನರಲ್ಲಿ ಮೂರು ತಿಂಗಳಿಗೇ ಅಂಥವರು ಒಬ್ಬರೂ ಇರಲಿಲ್ಲ. ಆದರೆ ೨೦೧೭ರಲ್ಲಿ ಪ್ರಕಟವಾದ, ನೆದರ್‌ಲ್ಯಾಂಡ್ಸ್‌ನ ೨೨೮ ಜನರ ಪರೀಕ್ಷೆಯ ಮಾತೇ ಬೇರೆ. ಅಲ್ಲಿ ತಂಪು ಸೂಜಿಯೂ ಸೇರಿ ಒಂದಕ್ಕಿಂತ ಹೆಚ್ಚು ವಿಧಾನಗಳನ್ನು ಬಳಸಿದ್ದರು. ವ್ಯಾಯಾಮದೊಡನೆ ನರ ಸುಡಿಸಿಕೊಂಡವರಿಗೂ ಬರಿಯ ವ್ಯಾಯಾಮ ಮಾಡಿದವರಿಗೂ ಹೇಳಿಕೊಳ್ಳುವಷ್ಟು ಅಂತರ ಕಾಣಲಿಲ್ಲ.

ಆದಕಾರಣ ಹಣ ತೆರುವ ಮೊದಲು ವೈದ್ಯರನ್ನು ಎರಡು ಮಾತು ಕೇಳುವುದು ಯುಕ್ತ. ನೋವು ಈ ಕೀಲಿನದೇ ಎಂದು, ಮರಗಟ್ಟಿಸುವ ಔಷಧಿಯನ್ನು ಚುಚ್ಚಿ ಪರೀಕ್ಷಿಸಿದ್ದಾರೆಯೇ? ವ್ಯಾಯಾಮವನ್ನು ಸಾಕಷ್ಟು ಕಾಲ ಮಾಡಿ ನೋಡಿದ್ದಾಗಿದೆಯೇ? ಈ ಚಿಕಿತ್ಸೆ ಕೀಲನ್ನು ದುರಸ್ತಿ ಮಾಡುವುದಿಲ್ಲವೆಂಬುದೂ ತಿಳಿದಿರಲಿ. ಸುಟ್ಟ ನರ ತಿಂಗಳುಗಳು ಕಳೆದಂತೆ ಮತ್ತೆ ಚಿಗುರುತ್ತದೆ, ನೋವು ಮರಳಬಹುದು. ಅಷ್ಟರೊಳಗೆ ಸೊಂಟದ ಸ್ನಾಯುಗಳನ್ನು ಬಲಪಡಿಸಿಕೊಳ್ಳುವ ಕೆಲಸ ರೋಗಿಯದೇ.